ಕಟ್ಟಡದ ಆಯಸ್ಸು ಕಾಂಕ್ರೀಟಿನಲ್ಲಷ್ಟೇ ಇಲ್ಲ

ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ ವರದಿ ಕೊಡುವುದು ನನ್ನ ವೃತ್ತಿ. ‘ಇದು ಇನ್ನೆಷ್ಟು ವರ್ಷ ನಿಲ್ಲುತ್ತದೆ?’ ಎಂಬುದೇ ಹೆಚ್ಚಿನ ಮಾಲೀಕರ ಮೊದಲ ಪ್ರಶ್ನೆ. ಯುರೋಪಿನ ವಿನ್ಯಾಸ ಸಂಹಿತೆ ಸಾಮಾನ್ಯ ಕಟ್ಟಡಗಳಿಗೆ 50 ವರ್ಷಗಳ ಬಾಳಿಕೆಯನ್ನು ಆಧಾರವಾಗಿ ಇಟ್ಟುಕೊಂಡಿದ್ದು, ಅದನ್ನು ಅನೇಕರು ಕೆಡವುವ ಗಡುವೆಂದು ತಿಳಿಯುತ್ತಾರೆ. ಅದು ಗಡುವಲ್ಲ; ನಿಯಮಿತ ನಿರ್ವಹಣೆಯಿದ್ದರೆ ದೊಡ್ಡ ದುರಸ್ತಿಯಿಲ್ಲದೆ ಕಟ್ಟಡವು ಬಳಕೆಗೆ ಒದಗಬೇಕಾದ ಅವಧಿ ಅಷ್ಟೆ.

ಕಾಂಕ್ರೀಟಿನ ಕ್ಷಾರಗುಣವು ಒಳಗಿನ ಸರಳುಗಳನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ನಿಧಾನವಾಗಿ ಒಳಸೇರಿ ಆ ಗುಣವನ್ನು ಕುಂದಿಸುತ್ತದೆ. ಹೊಸದಾಗಿ ಒಡೆದ ಮೈಗೆ, ಕ್ಷಾರವನ್ನು ಬಣ್ಣದಿಂದ ತೋರಿಸುವ ಫಿನಾಲ್ಫ್ಥಲೀನ್ ಎಂಬ ದ್ರಾವಣವನ್ನು ಸಿಂಪಡಿಸಿದಾಗ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗಕ್ಕೆ ಬಣ್ಣ ಬರುವುದಿಲ್ಲ. ಬಣ್ಣ ಬಾರದ ಈ ಪದರದ ಆಳವು ಹೆಚ್ಚುಕಡಿಮೆ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಸರಳಿನ ಮೇಲಿನ ಕಾಂಕ್ರೀಟಿನ ದಪ್ಪ ಎರಡು ಪಟ್ಟಾದರೆ ಅದು ಸರಳನ್ನು ಮುಟ್ಟಲು ನಾಲ್ಕು ಪಟ್ಟು ಕಾಲ ಹಿಡಿಯುತ್ತದೆ. ಕಾಂಕ್ರೀಟು ಸುರಿಯುವ ಮುನ್ನ ಸರಳಿನ ಕೆಳಗೆ ಕವರ್ ಬ್ಲಾಕುಗಳನ್ನು (ಸರಳನ್ನು ಅಚ್ಚಿಗೆ ತಾಗದಂತೆ ಎತ್ತಿ ಹಿಡಿಯುವ ಪುಟ್ಟ ತುಂಡುಗಳನ್ನು) ಸರಿಯಾಗಿ ಕೂರಿಸಿದ ಕೆಲಸಗಾರರು ಕಟ್ಟಡಕ್ಕೆ ದಶಕಗಳನ್ನೇ ಕೂಡಿಸಿರುತ್ತಾರೆ. ಆ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲುತ್ತಿಲ್ಲ ಎಂಬ ಬೇಸರ ನನಗಿದೆ.

ಇಷ್ಟಾದರೂ, ಕೆಡವಲು ತೀರ್ಮಾನವಾದ ಎಷ್ಟೋ ಕಟ್ಟಡಗಳಲ್ಲಿ ಪಿಲ್ಲರು, ಬೀಮುಗಳು ಗಟ್ಟಿಯಾಗಿಯೇ ಇದ್ದುದನ್ನು ನಾನು ಕಂಡಿದ್ದೇನೆ. ನ್ಯೂಯಾರ್ಕಿನಲ್ಲಿ 1908ರಲ್ಲಿ ಪೂರ್ಣಗೊಂಡು, ಆಗ ಜಗತ್ತಿನಲ್ಲೇ ಅತಿ ಎತ್ತರದ್ದೆನಿಸಿದ್ದ 187 ಮೀಟರಿನ ಸಿಂಗರ್ ಕಟ್ಟಡವನ್ನು 1960ರ ದಶಕದ ಕೊನೆಯಲ್ಲಿ ಕೆಡವಲಾಯಿತು. ಅದರ ಗೋಪುರದ ಇಕ್ಕಟ್ಟಾದ ಅಂತಸ್ತುಗಳು ಹೊಸ ಕಾಲದ ಕಚೇರಿಗಳಿಗೆ ಸಾಲುತ್ತಿರಲಿಲ್ಲ. ಅದೇ ನಗರದ ಯೂನಿಯನ್ ಕಾರ್ಬೈಡ್ ಕಟ್ಟಡ 1960ರದು. 52 ಅಂತಸ್ತಿನ ಆ ಕಟ್ಟಡವನ್ನು ಪೂರ್ತಿಯಾಗಿ ನವೀಕರಿಸಿ ಹತ್ತು ವರ್ಷ ಕಳೆಯುವ ಮೊದಲೇ, 2019ರಲ್ಲಿ, ಕೆಡವಲು ಆರಂಭಿಸಿದರು. ಆ ಪ್ರದೇಶದ ನಿಯಮ ಬದಲಾಗಿ, ಅದೇ ನಿವೇಶನದಲ್ಲಿ ಇನ್ನೂ ಹೆಚ್ಚು ಕಟ್ಟಲು ಅವಕಾಶ ದೊರೆತಿತ್ತು. ಇವೆರಡಕ್ಕಿಂತ ಹಳೆಯದಾದ, ಅದೇ ನಗರದ 1902ರ ಫ್ಲಾಟೈರನ್ ಕಟ್ಟಡವಾದರೋ ಇಂದಿಗೂ ನಿಂತಿದೆ.

ಆದ್ದರಿಂದ ಈಗ ನನ್ನ ವರದಿಯಲ್ಲಿ ಕಾಂಕ್ರೀಟಿನ ಬಲದ ಜೊತೆಗೆ ಅಂತಸ್ತಿನ ಎತ್ತರ, ಪಿಲ್ಲರುಗಳ ನಡುವಿನ ಅಂತರ ಮತ್ತು ಯಾವ ಗೋಡೆಗಳು ಭಾರ ಹೊತ್ತಿವೆ ಎಂಬ ವಿವರ ಕಡ್ಡಾಯವಾಗಿ ಇರುತ್ತದೆ. ಚಾವಣಿ ತಗ್ಗಾಗಿದ್ದರೆ ಹವಾನಿಯಂತ್ರಣದ ಕೊಳವೆಗೆ ಜಾಗ ಸಿಗುವುದಿಲ್ಲ. ಗೋಡೆಗಳೆಲ್ಲ ಭಾರ ಹೊತ್ತಿದ್ದರೆ ಮನೆಯನ್ನು ಕಚೇರಿಯಾಗಿಯೋ ಕಚೇರಿಯನ್ನು ಶಾಲೆಯಾಗಿಯೋ ಮಾರ್ಪಡಿಸುವುದು ದುಬಾರಿಯಾಗುತ್ತದೆ. ಹೊಸ ಕಟ್ಟಡದ ನಕ್ಷೆ ಸಿದ್ಧವಾಗುವಾಗ ಯಾರಾದರೂ ಸಲಹೆ ಕೇಳಿದರೆ, ನೀರಿನ ಪೈಪುಗಳನ್ನು ಸ್ಲ್ಯಾಬಿನೊಳಗೆ ಹುದುಗಿಸದೆ, ಬಾಗಿಲು ತೆರೆದು ಕೈಹಾಕಿ ಬದಲಿಸಬಹುದಾದ ಪ್ರತ್ಯೇಕ ಕಿಂಡಿಯಲ್ಲಿ ಇಳಿಸುವಂತೆ ಒತ್ತಾಯಿಸುತ್ತೇನೆ. ಪೈಪುಗಳು ಕಾಂಕ್ರೀಟಿಗಿಂತ ಬಹಳ ಮೊದಲೇ ಸವೆಯುತ್ತವೆ, ಮತ್ತು ಅವುಗಳ ಸೋರಿಕೆಯೇ ಸರಳುಗಳನ್ನು ಕೆಡಿಸಲು ತೊಡಗುತ್ತದೆ.