ಹಾಡು ಕೇಳದೆ ಕತ್ತರಿ ಹಿಡಿದೆ

ಲಂಡನ್‌ನಲ್ಲಿ ಸಿನಿಮಾಗಳಿಗೆ ಬಟ್ಟೆ ಹೊಲಿಯುವ ಒಂದು ವರ್ಕ್‌ರೂಮಿನಲ್ಲಿ ನನ್ನ ಕೆಲಸ. ಊರು ಶಿವಮೊಗ್ಗ, ಅಪ್ಪನದು ಟೈಲರ್ ಅಂಗಡಿ. ಸಿನಿಮಾ ಕೆಲಸ ಅಂದ ತಕ್ಷಣ ನೆಂಟರೆಲ್ಲ ಹೀರೋಯಿನ್ ಯಾರು ಅಂತ ಕೇಳುತ್ತಾರೆ. ನನ್ನ ಕೈಗೆ ಬರುವುದು ಹೀರೋಯಿನ್ ಅಲ್ಲ, ಅವಳ ಸೊಂಟದ ಅಳತೆ ಬರೆದ ಚೀಟಿ.

ಕೆಲವು ವರ್ಷಗಳ ಹಿಂದೆ ಒಂದು ಸಿನಿಮಾದ ಬ್ಯಾಲೆ ದೃಶ್ಯದ ಕೆಲಸ ಬಂತು. ನನ್ನ ಪಾಲಿಗೆ ಟೂಟೂ. ಬ್ಯಾಲೆ ಕುಣಿಯುವವರ ಸೊಂಟದಿಂದ ತಟ್ಟೆಯ ಹಾಗೆ ಅಡ್ಡ ಚಾಚಿಕೊಂಡಿರುತ್ತದಲ್ಲ, ಆ ಲಂಗ. ದೂರದಿಂದ ಒಂದೇ ತುಂಡು ಅನಿಸುತ್ತದೆ. ಹತ್ತಿರ ಬಂದು ನೋಡಿದರೆ ಅದು ಒಂದು ಚಡ್ಡಿ. ಚಡ್ಡಿಯ ಸುತ್ತ ನೆರಿಗೆ ಹಿಡಿದ ನೆಟ್ ಪದರಗಳು, ಒಂದರ ಮೇಲೊಂದು. ತೊಡೆಯ ಹತ್ತಿರದ್ದು ಕೆಲವೇ ಬೆರಳು ಅಗಲ, ಮೇಲೆ ಹೋದಂತೆ ಅಗಲ ಜಾಸ್ತಿ. ನಾನು ಹೊಲಿದದ್ದರಲ್ಲಿ 12 ಪದರ ಇತ್ತು. ಮಧ್ಯದ ಒಂದು ಪದರದಲ್ಲಿ ತೆಳು ಉಕ್ಕಿನ ತಂತಿಯ ಬಳೆ. ಅಗಲವಾದ ಲಂಗ ಜೋತು ಬೀಳದೆ ನೆಟ್ಟಗೆ ನಿಲ್ಲಲಿ ಅಂತ. ಕೊನೆಗೆ ಪದರಗಳನ್ನೆಲ್ಲ ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿ ಸೇರಿಸಬೇಕು. ಈ ಹೊಲಿಗೆ ಬಿಗಿಯಾದರೆ ಟೂಟೂ ಹಲಗೆ ಥರ ಆಗುತ್ತದೆ, ಸಡಿಲವಾದರೆ ತುಪ್ಪಳದ ಥರ. ಕುಣಿದು ಮುಗಿದ ಮೇಲೆ ಇದನ್ನು ತಲೆಕೆಳಗಾಗಿ ನೇತುಹಾಕುತ್ತೇವೆ. ಮೊದಲ ಸಲ ನೋಡಿದಾಗ ನನಗೆ ನಮ್ಮೂರ ಆಲದ ಮರದ ಬಾವಲಿಗಳು ನೆನಪಾಗಿದ್ದವು.

ಕೆಲಸದ ಚೀಟಿಯಲ್ಲಿ ಸಂಗೀತ ಅಂತ ಒಂದು ಕಾಲಂ ಇತ್ತು. ಅದರಲ್ಲಿ ಬರೆದಿತ್ತು: ಬಿಝೆ, ಸಿಂಫನಿ ಇನ್ ಸಿ, ಎರಡನೇ ಭಾಗ. ಸಿಂಫನಿ ಅಂದರೆ ದೊಡ್ಡ ವಾದ್ಯಮೇಳಕ್ಕೆ ಬರೆದ, ಹಲವು ಭಾಗಗಳ ಸಂಗೀತ. ಬಿಝೆ ಯಾರು ಅಂತ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. "ನಿಧಾನದ ಕುಣಿತ, ತುಂಬಾ ಎತ್ತಿ ಹಿಡಿಯೋದು ಇರುತ್ತೆ" ಅಂತ ಡಿಸೈನರ್ ಹೇಳಿದ್ದರು. ನನಗೆ ಅಷ್ಟು ಸಾಕಿತ್ತು. ಅಗಲದ ಟೂಟೂ, ಒಳಗೆ ತಂತಿ, ಬಿಗಿ ಹೊಲಿಗೆ. ಬೊಂಬೆಯ ಮೇಲೆ ಹಾಕಿ ನಿಲ್ಲಿಸಿದಾಗ ವರ್ಕ್‌ರೂಮಿನವರೆಲ್ಲ ಬಂದು ಫೋಟೋ ತೆಗೆದರು. ನನಗೂ ಸ್ವಲ್ಪ ಜಂಬ ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಒಂದು ಮೇಲ್ ಬಂತು. ನಿರ್ದೇಶಕರು ಸಂಗೀತ ಬದಲಿಸಿದ್ದಾರೆ, ಎರಡನೇ ಭಾಗದ ಬದಲು ಅದೇ ಸಿಂಫನಿಯ ನಾಲ್ಕನೇ ಭಾಗ ಅಂತ. ನನಗೂ ಬಂದಿತ್ತು. ಸಂಗೀತದ ವಿಷಯ, ನಮಗೇನು ಅಂತ ತೆರೆದು ಮುಚ್ಚಿಬಿಟ್ಟೆ.

ಕ್ಯಾಮೆರಾ ಟೆಸ್ಟ್ ದಿನ ಸ್ಟುಡಿಯೋದಲ್ಲಿ ಸ್ಪೀಕರ್ ಹಾಕಿದರು. ಪಿಟೀಲುಗಳು ಉಸಿರು ಬಿಡದೆ ಓಡತೊಡಗಿದವು. ಕುಣಿಯುವ ಹುಡುಗಿ ನಾಲ್ಕು ಸಲ ನೆಗೆದು ಟಕ್ ಅಂತ ನಿಂತಳು. ಟೂಟೂ ನಿಲ್ಲಲಿಲ್ಲ. ಮುಂದೆ ತಗ್ಗಿದರೆ ಹಿಂದೆ ಎದ್ದಿತು, ಹಿಂದೆ ತಗ್ಗಿದರೆ ಮುಂದೆ. ಮಾನಿಟರಿನಲ್ಲಿ ಅವಳ ಕಾಲು ಕಾಣುತ್ತಲೇ ಇಲ್ಲ. ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಎಗರುತ್ತದಲ್ಲ, ಹಾಗೆ ಒಂದು ಬಿಳಿ ತಟ್ಟೆ ಎಗರುತ್ತಿತ್ತು. ಥಿಯೇಟರಿನಲ್ಲಾದರೆ ಜನ ದೂರ ಕೂತಿರುತ್ತಾರೆ, ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಇಲ್ಲಿ ಕ್ಯಾಮೆರಾ ಸೊಂಟದ ಎತ್ತರದಲ್ಲಿ, ಎರಡು ಮಾರು ದೂರದಲ್ಲಿ ಇತ್ತು. ಬಿಳಿ ಬಣ್ಣ ಬೇರೆ ಲೈಟಿಗೆ ಕಣ್ಣು ಕುಕ್ಕುತ್ತಿತ್ತು. ಅದು ಸಣ್ಣ ತೊಂದರೆ, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದರೆ ಮುಗಿಯಿತು.

ಕುಣಿತ ಹೇಳಿಕೊಡುವವರು ನನ್ನ ಕಡೆ ತಿರುಗಿ ಕೇಳಿದರು: "ನೀವು ಈ ಹಾಡು ಕೇಳಿದ್ದೀರಾ?"

ಇಲ್ಲ ಅಂದೆ. ಯಾರೂ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಅವತ್ತು ಮನೆಗೆ ಹೋಗುವಾಗ ರೈಲಿನಲ್ಲಿ ಆ ಸಿಂಫನಿಯನ್ನು ಪೂರ್ತಿ ಕೇಳಿದೆ. ಎರಡನೇ ಭಾಗದಲ್ಲಿ ಓಬೋ ಅನ್ನುವ ವಾದ್ಯ ಒಂಟಿಯಾಗಿ ಎಳೆಎಳೆಯಾಗಿ ಹಾಡುತ್ತದೆ. ನಮ್ಮ ಶಹನಾಯಿಯ ದೂರದ ನೆಂಟ. ನನ್ನ ಟೂಟೂ ಅದಕ್ಕೆ ಸರಿಯಾಗಿಯೇ ಇತ್ತು. ನಾಲ್ಕನೇ ಭಾಗ ಶುರುವಾದಾಗ ಮಾತ್ರ ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಯಿತು. ಒಂದು ತಾಳಕ್ಕೂ ಇನ್ನೊಂದಕ್ಕೂ ನಡುವೆ ನೆಟ್ ಸುಧಾರಿಸಿಕೊಳ್ಳಲು ಜಾಗವೇ ಇಲ್ಲ.

ಮರುದಿನ ನಮ್ಮ ಹಿರಿಯ ಕಟರ್‌ಗೆ ಹೇಳಿದೆ. ಎಪ್ಪತ್ತರ ಹತ್ತಿರದ ಹೆಂಗಸು, ಕನ್ನಡಕ ಯಾವಾಗಲೂ ತಲೆಯ ಮೇಲೆ. ಕೇಳಿ ನಕ್ಕುಬಿಟ್ಟರು. "ಇದೇ ಹಾಡಿಗೆ ಇದೇ ಫಜೀತಿ ಹಿಂದೆಯೂ ಆಗಿದೆ, ಗೊತ್ತಾ? ತಂತಿ ಕಿತ್ತು ಬಿಸಾಕು" ಅಂದರು. ಚಹಾ ಕುಡಿಯುತ್ತಾ ಅವರು ಹೇಳಿದ ಕಥೆ ಇದು. ಆಮೇಲೆ ನಾನೂ ಹುಡುಕಿ ಓದಿಕೊಂಡೆ.

ಜಾರ್ಜ್ ಬಿಝೆ ಈ ಸಿಂಫನಿ ಬರೆದದ್ದು 1855ರಲ್ಲಿ. ಆಗ 17 ವರ್ಷದ ಹುಡುಗ, ಪ್ಯಾರಿಸ್ ಕನ್ಸರ್ವೇಟರಿ ಅನ್ನುವ ಸಂಗೀತ ಶಾಲೆಯ ವಿದ್ಯಾರ್ಥಿ. ಬರೆದು ಇಟ್ಟ, ಅಷ್ಟೇ. ಅವನು ಬದುಕಿರುವಾಗ ಯಾರೂ ಅದನ್ನು ನುಡಿಸಲಿಲ್ಲ. 36ಕ್ಕೇ ತೀರಿಕೊಂಡ. ಹಸ್ತಪ್ರತಿ ಕೊನೆಗೆ ಅದೇ ಕನ್ಸರ್ವೇಟರಿಯ ಲೈಬ್ರರಿ ಸೇರಿ, 1933ರಲ್ಲಿ ಕಣ್ಣಿಗೆ ಬಿತ್ತು. ಮೊದಲ ಸಲ ನುಡಿಸಿದ್ದು 1935ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಬರೆದು 80 ವರ್ಷದ ಮೇಲೆ! ಸಂಗೀತ ಬರೆಯುವ ಸ್ಟ್ರಾವಿನ್‌ಸ್ಕಿಯಿಂದ ಇದರ ಸುದ್ದಿ ತಿಳಿದ, ಬ್ಯಾಲೆ ಕುಣಿತ ಕಟ್ಟುವ ಜಾರ್ಜ್ ಬ್ಯಾಲನ್‌ಶೀನ್, 1947ರಲ್ಲಿ ಪ್ಯಾರಿಸ್ ಒಪೇರಾಕ್ಕೆ ಎರಡೇ ವಾರದಲ್ಲಿ ಬ್ಯಾಲೆ ಕಟ್ಟಿದರು. ಮುಂದಿನ ವರ್ಷ ಅದನ್ನು ನ್ಯೂಯಾರ್ಕಿಗೆ ಒಯ್ದರು. ನಾಲ್ಕನೇ ಭಾಗದ ಕೊನೆಗೆ ವೇದಿಕೆಯ ಮೇಲೆ 50ಕ್ಕಿಂತ ಜಾಸ್ತಿ ಜನ. ಎಲ್ಲರಿಗೂ ತಂತಿಯ ಟೂಟೂ ಅಂದರೆ ಏನಾಗುತ್ತದೆ ಯೋಚಿಸಿ. ಒಬ್ಬಳದು ಇನ್ನೊಬ್ಬಳದಕ್ಕೆ ತಾಗಿದರೆ ಇಬ್ಬರದೂ ಎಗರುತ್ತದೆ.

ಅಲ್ಲಿ ಬಟ್ಟೆ ಮಾಡುತ್ತಿದ್ದವರು ಬಾರ್ಬರಾ ಕರಿನ್ಸ್ಕಾ. ಹುಟ್ಟಿದ್ದು 1886ರಲ್ಲಿ, ಈಗಿನ ಉಕ್ರೇನಿನ ಖಾರ್ಕಿವ್‌ನಲ್ಲಿ. ಸಿನಿಮಾದವರಿಗೂ ಅವರು ಹೊಸಬರಲ್ಲ. 1948ರ ಜೋನ್ ಆಫ್ ಆರ್ಕ್ ಚಿತ್ರದ ಬಟ್ಟೆಗಳಿಗೆ ಡೊರೊಥಿ ಜೀಕಿನ್ಸ್ ಜೊತೆ ಆಸ್ಕರ್ ಪಡೆದವರು. 1950ರಲ್ಲಿ ಈ ಬ್ಯಾಲೆಗೆ ಅವರು ತಂತಿಯನ್ನೇ ತೆಗೆದುಹಾಕಿದರು. ಗಿಡ್ಡ ಟೂಟೂ, ಆರೇಳು ಪದರ ಮೃದುವಾದ ನೆಟ್, ಒಂದಕ್ಕಿಂತ ಇನ್ನೊಂದು ಅರ್ಧ ಇಂಚು ಉದ್ದ, ಸಡಿಲ ಹೊಲಿಗೆ. ಪೌಡರ್ ಡಬ್ಬಿಯ ಪಫ್ ಇದ್ದ ಹಾಗೆ. ಹೆಸರೂ ಅದೇ, ಪೌಡರ್ ಪಫ್ ಟೂಟೂ. ರವಿಕೆಯ ಪಕ್ಕದ ತುಂಡುಗಳನ್ನು ಅವರು ಕ್ರಾಸ್ ಕಟಿಂಗ್ ಮಾಡುತ್ತಿದ್ದರು, ಅಂದರೆ ನೇಯ್ಗೆಗೆ ಓರೆಯಾಗಿ ಕತ್ತರಿಸುತ್ತಿದ್ದರು. ಉಸಿರೆಳೆದರೆ ಬಟ್ಟೆ ಹಿಗ್ಗುತ್ತದೆ. ಬ್ಲೌಸ್ ಹೊಲಿಯುವ ಯಾರಿಗಾದರೂ ಇದು ತಕ್ಷಣ ಅರ್ಥವಾಗುತ್ತದೆ.

ತಂತಿ ಇದ್ದರೆ ಪದರಗಳೆಲ್ಲ ಒಟ್ಟಿಗೆ, ಒಂದೇ ತಟ್ಟೆಯಾಗಿ ವಾಲುತ್ತವೆ. ತೆಗೆದರೆ ಒಂದೊಂದು ಪದರವೂ ತನ್ನ ಪಾಡಿಗೆ ಅಲುಗಿ, ಪಕ್ಕದ್ದಕ್ಕೆ ಉಜ್ಜಿ, ಅಲ್ಲೇ ತಣ್ಣಗಾಗುತ್ತದೆ. ಇಷ್ಟೇ ಲೆಕ್ಕ. ಹೇಳುವುದು ಸುಲಭ. ಸಿನಿಮಾದಲ್ಲಿ ಒಂದು ಬಟ್ಟೆ ಅಂದರೆ ಮೂರು: ಕುಣಿಯುವವಳಿಗೆ, ಡೂಪ್‌ಗೆ, ಇನ್ನೊಂದು ಕೈಯಲ್ಲಿರಲಿ ಅಂತ. ಮೂರರ ಹೊಲಿಗೆಯನ್ನೂ ಬಿಚ್ಚಬೇಕಿತ್ತು, ಎರಡು ರಾತ್ರಿಯಲ್ಲಿ.

ಬಿಚ್ಚಿದೆ. 12 ಪದರ 8 ಆಯಿತು, ಸುತ್ತಲೂ ನಾಲ್ಕು ಬೆರಳು ಕತ್ತರಿಸಿದೆ. ಫೋನಿನಲ್ಲಿ ನಾಲ್ಕನೇ ಭಾಗ ಹಾಕಿ, ಬೊಂಬೆಯನ್ನು ಹಿಡಿದು ತಾಳಕ್ಕೆ ಸರಿಯಾಗಿ ತಿರುಗಿಸಿ ನಿಲ್ಲಿಸುವುದು, ನೆಟ್ ಯಾವಾಗ ಸುಮ್ಮನಾಗುತ್ತದೆ ಅಂತ ಎಣಿಸುವುದು. ಮೊದಲು ಆರು ತಾಳ ಹಿಡಿಯಿತು. ಎರಡು ಕಡೆ ಹೊಲಿಗೆ ಸಡಿಲಿಸಿದೆ, ನಾಲ್ಕಕ್ಕೆ ಇಳಿಯಿತು. ಇನ್ನೂ ಸಡಿಲಿಸಿದೆ, ಎರಡು. ಮತ್ತೂ ಸಡಿಲಿಸಿದಾಗ ಇಡೀ ಟೂಟೂ ನೆನೆದ ಕೋಳಿಯಾಯಿತು. ಒಂದು ಹೆಜ್ಜೆ ಹಿಂದೆ ಬಂದು ಅಲ್ಲಿಗೆ ಬಿಟ್ಟೆ. ಬೊಂಬೆಗೆ ಕಾಲಿಲ್ಲ, ಹಾಗಾಗಿ ಇದು ಪೂರ್ತಿ ಸರಿಯಾದ ಪರೀಕ್ಷೆ ಅಲ್ಲ. ಆದರೂ ನಡುರಾತ್ರಿಯಲ್ಲಿ ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಎರಡನೇ ಟೆಸ್ಟಿನಲ್ಲಿ ಯಾರೂ ಟೂಟೂ ಬಗ್ಗೆ ಮಾತೇ ಆಡಲಿಲ್ಲ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಶಭಾಷ್ ಇಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಭರತನಾಟ್ಯದ ಮಕ್ಕಳಿಗೆ ಅಳತೆ ತಗೊಳ್ಳುವಾಗ ಅರೆಮಂಡಿ ಕೂರಿಸ್ತಿದ್ದೆ, ನೋಡಿಲ್ವಾ ನೀನು?" ಅಂದರು. ನೋಡಿದ್ದೆ. ನಿಂತ ಅಳತೆಗೆ ಹೊಲಿದರೆ ಕೂತಾಗ ಬೀಸಣಿಗೆಯ ನೆರಿಗೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಟೇಪು ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದವರು ನಾವೇ. ಆದರೂ ಬೇಕಾದಾಗ ಅದು ನೆನಪಿಗೆ ಬರಲಿಲ್ಲ.

ಈಗ ಅಳತೆಗಿಂತ ಮೊದಲು ಹಾಡು ಕೇಳುತ್ತೇನೆ. ಯಾವ ರೆಕಾರ್ಡಿಂಗ್ ಅಂತಲೂ ಕೇಳುತ್ತೇನೆ, ಯಾಕೆಂದರೆ ಒಂದೇ ಸಂಗೀತವನ್ನು ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ನಡೆಸುತ್ತಾರೆ. ಕ್ಯಾಮೆರಾದವರಿಗೂ ಒಂದು ಪ್ರಶ್ನೆ ಇದೆ: ಎಷ್ಟು ಫ್ರೇಮ್? ಸೆಕೆಂಡಿಗೆ 24ರ ಬದಲು 30 ಫ್ರೇಮ್ ಶೂಟ್ ಮಾಡಿ ಚೂರು ನಿಧಾನ ತೋರಿಸುವುದಾದರೆ, ಸೆಟ್ಟಿನಲ್ಲಿ ಹಾಡನ್ನು ಕಾಲು ಭಾಗ ಹೆಚ್ಚು ವೇಗದಲ್ಲಿ ಓಡಿಸಬೇಕು. ಇಲ್ಲದಿದ್ದರೆ ಕೊನೆಗೆ ತಾಳ ಕೂಡುವುದಿಲ್ಲ. ಕುಣಿಯುವವಳು ಆ ವೇಗದಲ್ಲೇ ಕುಣಿಯಬೇಕು, ಟೂಟೂ ಕೂಡ.

ಈ ನೆಪದಲ್ಲಿ ನನಗೆ ಹೊಸ ಹೊಸ ಸಂಗೀತ ಸಿಗುತ್ತಿದೆ. ಕಳೆದುಹೋಗಿ ಸಿಕ್ಕಿದ್ದರ ಮೇಲೆ ವಿಶೇಷ ಆಸೆ. ರಷ್ಯಾದ ಚೈಕೋವ್‌ಸ್ಕಿ 1877ರಲ್ಲಿ ತನ್ನ ಸ್ವಾನ್ ಲೇಕ್ ಬ್ಯಾಲೆಗೆ ಒಬ್ಬ ನರ್ತಕಿಗಾಗಿ ಅಂತಲೇ ಸೇರಿಸಿ ಬರೆದ ಒಂದು ಜೋಡಿ ಕುಣಿತದ ಸಂಗೀತ ಕಾಣೆಯಾಗಿತ್ತು. 1953ರಲ್ಲಿ ಮಾಸ್ಕೋದ ಬೊಲ್ಷೊಯ್ ಥಿಯೇಟರಿನ ದಾಖಲೆಗಳಲ್ಲಿ ಸಿಕ್ಕಿತು. 1960ರಲ್ಲಿ ಅದಕ್ಕೂ ಬ್ಯಾಲನ್‌ಶೀನ್ ಕುಣಿತ ಕಟ್ಟಿದರು, ಬಟ್ಟೆ ಮತ್ತೆ ಕರಿನ್ಸ್ಕಾ. ಈ ಸಲ ಟೂಟೂ ಅಲ್ಲ, ತೆಳುವಾದ ಶಿಫಾನ್. ಸಂಗೀತ ಕೇಳಿ ನೋಡಿ, ಯಾಕೆ ಅಂತ ಗೊತ್ತಾಗುತ್ತದೆ. ಓಡಿ ಬಂದು ಜೊತೆಗಾರನ ಕೈಗೆ ಹಾರುವವಳ ಹಿಂದೆ ಬಟ್ಟೆ ಒಂದು ಕ್ಷಣ ತಡವಾಗಿ ಬರಬೇಕು. ನೆಟ್‌ಗೆ ಅದು ಆಗದ ಕೆಲಸ.

ಹೋದ ವಾರ ಇನ್ನೊಂದು ಸಿನಿಮಾದ ಕೆಲಸ ಬಂದಿದೆ. ಸಂಗೀತ ಇನ್ನೂ ಬರೆಯುತ್ತಿದ್ದಾರಂತೆ, ಪಿಯಾನೋದಲ್ಲಿ ನುಡಿಸಿದ ಎರಡು ನಿಮಿಷದ ತುಣುಕು ಮಾತ್ರ ಕಳಿಸಿದ್ದಾರೆ. ವೇಗ ಬದಲಾಗಬಹುದು ಅಂತ ಕೆಳಗೆ ಒಂದು ಸಾಲು. ಸದ್ಯಕ್ಕೆ ಪದರಗಳಿಗೆಲ್ಲ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಟ್ಟಿದ್ದೇನೆ, ಬಿಚ್ಚುವಾಗ ಬೇಗ ಕಾಣಲಿ ಅಂತ.