ಬಲಗಡೆ ಶಿಖರ ಮಾತ್ರ ಮಸುಕು

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಎದುರು ಬೆಳಿಗ್ಗೆ ಏಳಕ್ಕೆಲ್ಲ ಟ್ರೈಪಾಡ್ ಹೂಡಿ ನಿಂತಿದ್ದೆ. ಬೆಂಗಳೂರಿನಿಂದ ಒಂದು ದಿನದ ಬಾಡಿಗೆಗೆ ತಂದ ಫ್ಯೂಜಿಫಿಲ್ಮ್ ಜಿಎಫ್ಎಕ್ಸ್ 50ಎಸ್ ಕ್ಯಾಮೆರಾ. ಅದರ ಮೂತಿಗೆ ನನ್ನ ಹಳೇ ಕ್ಯಾನನ್ 24 ಎಂಎಂ ಟಿಲ್ಟ್-ಶಿಫ್ಟ್ ಲೆನ್ಸ್ (ಲೆನ್ಸನ್ನು ಓರೆ ಮಾಡುವುದು ಟಿಲ್ಟ್, ಪಕ್ಕಕ್ಕೋ ಮೇಲಕ್ಕೋ ಸರಿಸುವುದು ಶಿಫ್ಟ್). ಇಬ್ಬರಿಗೂ ನಂಟು ಬೆಸೆದದ್ದು ಅಗ್ಗಕ್ಕೆ ಸಿಕ್ಕ ಒಂದು ಲೋಹದ ಬಳೆ, ಅಂದರೆ ಅಡಾಪ್ಟರ್.

ಇಂಥ ಬೀಗತನ ಯಾಕೆ ಕೂಡಿಬರುತ್ತದೆ ಅನ್ನುವುದಕ್ಕೆ ಲೆಕ್ಕವಿದೆ. ಕ್ಯಾನನ್ ಲೆನ್ಸ್ ಚಿತ್ರ ಹಿಡಿಯುವ ಸೆನ್ಸರಿನಿಂದ 44 ಮಿ.ಮೀ ದೂರದಲ್ಲಿ ಕೂರಬೇಕು, ಜಿಎಫ್ಎಕ್ಸಿನಲ್ಲಿ ಆ ದೂರ 26.7. ನಡುವಿನ 17.3 ಮಿ.ಮೀ ತುಂಬಿಕೊಡುವುದಷ್ಟೇ ಬಳೆಯ ಕೆಲಸ. ಶಿಫ್ಟಿಗೆಂದು ಈ ಲೆನ್ಸ್ 67.2 ಮಿ.ಮೀ ಅಗಲದ ಬೆಳಕಿನ ವೃತ್ತ ಚೆಲ್ಲುತ್ತದೆ. 43.8×32.9 ಮಿ.ಮೀ ಸೆನ್ಸರನ್ನು ಮುಚ್ಚಿಯೂ ಮಿಗುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದರೆ ಮೇಲ್ಮುಖವಾಗಿ ಏಳು ಮಿ.ಮೀ ಚಿಲ್ಲರೆ ಸರಿಸಬಹುದು. ಏಳು ಮಿಲಿಮೀಟರ್ ಏನು ಮಹಾ ಅನಿಸೀತು. ಆದರೆ ಕ್ಯಾಮೆರಾವನ್ನೇ ಮೇಲಕ್ಕೆ ಓರೆ ಮಾಡಿದರೆ ಫೋಟೊದಲ್ಲಿ ಗೋಡೆಗಳು ಒಳಕ್ಕೆ ವಾಲುತ್ತವೆ. 175 ಅಡಿಯ ಶಿಖರದ ತುದಿ ಸಿಗಬೇಕು, ಗೋಡೆಗಳೂ ನೆಟ್ಟಗಿರಬೇಕು ಅಂದರೆ ಶಿಫ್ಟ್ ಇಲ್ಲದೆ ಸುಮಾರು 56 ಮೀಟರ್ ಹಿಂದೆ ಹೋಗಬೇಕು. ಶಿಫ್ಟ್ ಇದ್ದರೆ 42 ಸಾಕು. ಆ ಹದಿನಾಲ್ಕು ಮೀಟರಿನಲ್ಲಿ ಎಷ್ಟು ಜನ, ಎಷ್ಟು ಗಾಡಿ ನಮ್ಮ ಬೆನ್ನ ಹಿಂದಕ್ಕೆ ಹೋಗುತ್ತವೆ ಅನ್ನುವುದು ಅಲ್ಲಿ ನಿಂತವರಿಗೇ ಗೊತ್ತು.

ಮೊದಲ ಫೋಟೊ ತೆಗೆದು ಪರದೆಯಲ್ಲಿ ಹಿಗ್ಗಿಸಿದೆ. ಎಡಗಡೆ ಶಿಖರದ ಶಿಲುಬೆ ಕತ್ತರಿಸಿ ಇಟ್ಟ ಹಾಗಿದೆ. ಬಲಗಡೆಯದು ಎಣ್ಣೆ ಕೈ ಸವರಿದಂತೆ ಮಸುಕು. ಬಲಕ್ಕೆ ಫೋಕಸ್ ಮಾಡಿದರೆ ಎಡ ಹೋಯಿತು. ಲೆನ್ಸಿನ ಟಿಲ್ಟ್ ಸೊನ್ನೆ ಬಿಟ್ಟು ಜಾರಿದೆಯೇ ಅಂತ ನೋಡಿದೆ, ಲಾಕ್ ಭದ್ರವಾಗಿಯೇ ಇತ್ತು. ಅರ್ಧ ಗಂಟೆ ಹಾಳಾದ ಮೇಲೆ ಬುದ್ಧಿ ಬಂತು. ಈ ಲೆನ್ಸಿನ ಕತ್ತನ್ನು ತಿರುಗಿಸಲು ಬರುತ್ತದೆ. ದೋಷ ಲೆನ್ಸಿನದಾಗಿದ್ದರೆ 90 ಡಿಗ್ರಿ ತಿರುಗಿಸಿದಾಗ ಮಸುಕೂ ಜತೆಗೆ ತಿರುಗಿ ಮೇಲಕ್ಕೋ ಕೆಳಕ್ಕೋ ಹೋಗಬೇಕು. ತಿರುಗಿಸಿದೆ. ಮಸುಕು ಬಲಗಡೆಯೇ ಉಳಿಯಿತು. ಕಳ್ಳ ಹಿಂದೆ ಕೂತಿದ್ದಾನೆ!

ಅಡಾಪ್ಟರ್ ಬಿಚ್ಚಿ ಅಂಗೈಲಿಟ್ಟು ನೋಡಿದೆ. ಮುಂದಿನ ಉಂಗುರವನ್ನು ಹಿಡಿದ ನಾಲ್ಕು ತಿರುಪುಗಳಲ್ಲಿ ಎರಡು ಸಡಿಲ. ಆ ಬದಿಯ ಸಂದಿಯಲ್ಲಿ ನನ್ನ ವಿಸಿಟಿಂಗ್ ಕಾರ್ಡಿನ ಅಂಚು ಸಲೀಸಾಗಿ ತೂರಿತು. ಕಾರ್ಡಿನ ದಪ್ಪ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಅಷ್ಟಕ್ಕೇ ಲೆನ್ಸ್ ಓರೆಯಾಗಿ, ನಾನು ಕೇಳದ ಟಿಲ್ಟನ್ನು ಪುಕ್ಕಟೆ ಕೊಟ್ಟಿತ್ತು.

ಅಂಗಡಿ ತೆರೆಯುವವರೆಗೆ ಕಾದು, ಕನ್ನಡಕದವರ ಹತ್ತಿರ ಪುಟ್ಟ ಸ್ಕ್ರೂಡ್ರೈವರ್ ಬೇಡಿ ಬಿಗಿ ಮಾಡಿಸಿದೆ. ಅವರು ದುಡ್ಡು ಮುಟ್ಟಲಿಲ್ಲ, "ಗ್ಲಾಸ್ ಎಲ್ಲಿ ಸಾರ್?" ಅಂತ ಬಳೆಯ ತೂತಿನೊಳಗೆ ಬೆರಳಾಡಿಸಿದರು.

ಇನ್ನೊಂದು ಪೀಡೆ ಬಾಕಿ ಇತ್ತು. ಕ್ಯಾನನ್ ಲೆನ್ಸಿಗೆ ಅಪರ್ಚರ್, ಅಂದರೆ ಬೆಳಕು ಬಿಡುವ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಉಂಗುರವಿಲ್ಲ, ಕ್ಯಾಮೆರಾ ವಿದ್ಯುತ್ ಸಂಜ್ಞೆ ಕೊಟ್ಟರೆ ಮಾತ್ರ ಕಂಡಿಯ ಎಲೆಗಳು ಮುಚ್ಚುತ್ತವೆ. ನನ್ನ ಬಳೆಗೆ ತಂತಿಯಿಲ್ಲ, ಹಾಗಾಗಿ ಸದಾ ಎಫ್ 3.5, ಪೂರ್ತಿ ತೆರೆದ ಕಣ್ಣು. ಮದುವೆ ಫೋಟೊ ತೆಗೆಯುವ ಗೆಳೆಯನಿಗೆ ಫೋನಿಸಿ ಅವನ ಕ್ಯಾನನ್ ಕ್ಯಾಮೆರಾ ತರಿಸಿದೆ. ಅದಕ್ಕೆ ಲೆನ್ಸ್ ಸಿಕ್ಕಿಸಿ, ಕಂಡಿ ಕಿರಿದಾಗುವ ಎಫ್ 11ಕ್ಕೆ ಇಟ್ಟು, ಅದನ್ನು ಮೊದಲೇ ಮುಚ್ಚಿ ತೋರಿಸುವ ಡೆಪ್ತ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದೇ ಲೆನ್ಸ್ ಕಳಚಿದರೆ ಎಲೆಗಳು ಮುಚ್ಚಿದಂತೆಯೇ ಉಳಿಯುತ್ತವೆ. ಹಳೇ ಉಪಾಯ. ಪ್ರತಿ ಸಲ ಮಾಡುವಾಗಲೂ ಎದೆ ಢವಢವ.

ಗೆಳೆಯ ನೋಡುವಷ್ಟು ನೋಡಿ, "ಇದನ್ನ ಫೋನಲ್ಲೇ ನೆಟ್ಟಗೆ ಮಾಡ್ತಾರಲ್ಲೋ" ಅಂದ. ಮಾಡ್ತಾರೆ. ಆದರೆ ಹಾಗೆ ಎಳೆದಾಗ ಮೇಲಿನ ಪಿಕ್ಸೆಲ್‌ಗಳು ಹಿಗ್ಗುತ್ತವೆ, ಎಲ್ಲಕ್ಕಿಂತ ಹೆಚ್ಚು ವಿವರ ಬೇಕಾದದ್ದು ಅಲ್ಲೇ. ಇದನ್ನೆಲ್ಲ ಹೇಳುವಷ್ಟು ತಾಳ್ಮೆ ಉಳಿದಿರಲಿಲ್ಲ. ಕಾಫಿ ಕೊಡಿಸಿದೆ.

ಅಷ್ಟರಲ್ಲಿ ಬಿಸಿಲು ನೆತ್ತಿಗೇರಿ ಗೋಡೆಯ ಉಬ್ಬುತಗ್ಗು ಕಳೆಗುಂದಿತ್ತು. ಆದರೂ ಹನ್ನೆರಡು ಫ್ರೇಮ್ ತೆಗೆದೆ. ರಾತ್ರಿ ಮನೆಯಲ್ಲಿ ತೆರೆದಾಗ ಎರಡು ಶಿಲುಬೆಗಳೂ ಸಮಸಮ ಚೂಪು. ಕೊನೆಯ ಮೂರರಲ್ಲಿ ಮಾತ್ರ ಆಕಾಶದ ಮೂಲೆಗಳು ಕಪ್ಪು. ಏಳು ಮಿ.ಮೀ ಸಾಕು ಅಂತ ಗೊತ್ತಿದ್ದೂ ಶಿಫ್ಟ್ ಗುಬುಟನ್ನು ಹತ್ತರವರೆಗೆ ತಿರುಗಿಸಿದ್ದೆ.