ಮೂರು ನಾಳ ತುಂಬಿಸಿ ಮುಗೀತು ಅಂದುಕೊಂಡಿದ್ದೆ

ನಾನು ದಿನವಿಡೀ ರೂಟ್ ಕೆನಾಲ್ ಮಾಡುವವನು. ಇದು ನಾನೇ ಕೆಡಿಸಿದ ಒಂದು ಹಲ್ಲಿನ ಕಥೆ.

ಮೇಲಿನ ಸಾಲಿನ ಮೊದಲ ದವಡೆ ಹಲ್ಲು. ಮೂರು ಬೇರು, ಮೂರು ನಾಳ (ಬೇರಿನೊಳಗೆ ನರ ಹೋಗುವ ಸಣ್ಣ ಕೊಳವೆ). ಎಲ್ಲ ಶುಚಿ ಮಾಡಿ, ತುಂಬಿಸಿ, ಕ್ಯಾಪ್ ಹಾಕಿ ಕಳಿಸಿದ್ದೆ. ಎಕ್ಸ್‌ರೇಯಲ್ಲಿ ಮೂರು ಬಿಳಿ ಗೆರೆಗಳು ಬೇರಿನ ತುದಿವರೆಗೆ ನೀಟಾಗಿ ಇಳಿದಿದ್ದವು, ನೋಡಿ ಖುಷಿಪಟ್ಟಿದ್ದೂ ಹೌದು. ಆರು ತಿಂಗಳಿಗೆ ಆ ಹಲ್ಲಿನ ಪೇಷಂಟ್, ಒಬ್ಬ ಮಹಿಳೆ, ವಾಪಸ್ ಬಂದರು. "ನೋವು ಅಂತೇನಲ್ಲ ಡಾಕ್ಟ್ರೇ, ಕಚ್ಚಿದಾಗ ಆ ಹಲ್ಲು ಅಲ್ಲಿದೆ ಅಂತ ಗೊತ್ತಾಗುತ್ತೆ" ಅಂದರು. ಇನ್ನೊಂದು ಎಕ್ಸ್‌ರೇ ತೆಗೆದೆ, ಏನೂ ಕಾಣಲಿಲ್ಲ. ಕ್ಯಾಪ್ ಸ್ವಲ್ಪ ಎತ್ತರ ಇರಬೇಕು ಅಂತ ಉಜ್ಜಿ ಕಳಿಸಿದೆ. ಮತ್ತೆ ಬಂದರು. ಆಗ ಸಿಬಿಸಿಟಿ, ಅಂದರೆ ಮೂರು ಆಯಾಮದ ಸ್ಕ್ಯಾನ್ ಮಾಡಿಸಿದೆ.

ಮಾಮೂಲಿ ಎಕ್ಸ್‌ರೇ ಅಂದರೆ ನೆರಳು ಅಷ್ಟೇ. ಕೆನ್ನೆ ಕಡೆಯದು, ಅಂಗುಳದ ಕಡೆಯದು ಎಲ್ಲ ಒಂದರ ಮೇಲೊಂದು ಬೀಳುತ್ತೆ, ಮೇಲಿನ ದವಡೆ ಹಲ್ಲಾದರೆ ಕೆನ್ನೆಮೂಳೆಯ ನೆರಳೂ ಬಂದು ಸೇರಿಕೊಳ್ಳುತ್ತೆ. ಒಂದೇ ಬೇರಿನಲ್ಲಿ ಹಿಂದೆ ಮುಂದೆ ಎರಡು ನಾಳ ಇದ್ದರೆ ಕಾಣುವುದು ಒಂದೇ ಗೆರೆ. ಸಿಬಿಸಿಟಿಯಲ್ಲಿ ಯಂತ್ರ ತಲೆಯ ಸುತ್ತ ತಿರುಗುತ್ತಾ ನೂರಾರು ಚಿತ್ರ ತೆಗೆಯುತ್ತೆ, ಕಂಪ್ಯೂಟರ್ ಅವನ್ನು ಸೇರಿಸಿ ಹಲ್ಲನ್ನು ಕಟ್ಟಿಕೊಡುತ್ತೆ. ನಾವು ಅದನ್ನು ಯಾವ ದಿಕ್ಕಿನಿಂದ ಬೇಕಾದರೂ ಬಿಲ್ಲೆ ಬಿಲ್ಲೆಯಾಗಿ ನೋಡಬಹುದು.

ಮೌಸ್ ಚಕ್ರ ತಿರುಗಿಸುತ್ತಾ ಕ್ಯಾಪಿನಿಂದ ಬೇರಿನ ಕಡೆ ಇಳಿದೆ. ಕೆನ್ನೆ ಕಡೆಯ ಮುಂದಿನ ಬೇರು ದುಂಡಗಿರಲಿಲ್ಲ, ಉದ್ದ ಮೊಟ್ಟೆಯ ಹಾಗಿತ್ತು. ನಾನು ತುಂಬಿಸಿದ ಬಿಳಿ ಚುಕ್ಕೆ ಅದರ ನಡುವೆ ಇರಬೇಕಿತ್ತಲ್ವಾ? ಇರಲಿಲ್ಲ. ಒಂದು ಅಂಚಿಗೆ ಸರಿದು ಕೂತಿತ್ತು. ಇನ್ನೊಂದು ಅಂಚಿನಲ್ಲಿ, ಅಂಗುಳದ ಕಡೆಗೆ, ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಇನ್ನೂ ಕೆಳಗೆ ಹೋದರೆ ಆ ಬೇರಿನ ತುದಿಯ ಸುತ್ತ ಮೂಳೆ ಕರಗಿ ಕಪ್ಪಾಗಿತ್ತು. ಹೊರಪದರದ ಗಟ್ಟಿ ಮೂಳೆ ಇನ್ನೂ ಉಳಿದಿತ್ತು, ಅದಕ್ಕೇ ಎಕ್ಸ್‌ರೇಗೆ ಸಿಕ್ಕಿರಲಿಲ್ಲ.

ಆ ಬೇರಿನಲ್ಲಿ ಎರಡನೇ ನಾಳ ಇರುವುದು ಅಪರೂಪವೇನಲ್ಲ, ಕಾಲೇಜಿನಲ್ಲೇ ಓದಿದ್ದು. ನಾನು ಸುಮ್ನೆ ಸರಿಯಾಗಿ ಹುಡುಕಿರಲಿಲ್ಲ. ಕ್ಯಾಪ್ ತೆಗೆದು, ಮೈಕ್ರೋಸ್ಕೋಪ್ ಇಟ್ಟು, ಸ್ಕ್ಯಾನ್ ತೋರಿಸಿದ ಕಡೆಗೇ ಅಲ್ಟ್ರಾಸಾನಿಕ್ ತುದಿಯಿಂದ ಒಂಚೂರು ಕೆರೆದೆ. 10ನೇ ನಂಬರ್ ಫೈಲ್, ಅಂದರೆ ನಾಳ ಶುಚಿ ಮಾಡುವ ಸೂಜಿಯಂಥ ಉಪಕರಣ, ತುದಿ 0.1 ಮಿ.ಮೀ. ದಪ್ಪ, ಒಂದು ಕಡೆ ಸಿಕ್ಕಿಕೊಂಡಿತು. ಆ ಹಿಡಿತ ಬೆರಳಿಗೆ ಗೊತ್ತಾಗುತ್ತೆ. ಸ್ಕ್ಯಾನ್ ಇಲ್ಲದೆ ಹೋಗಿದ್ದರೆ ಎಲ್ಲಿ ಕೆರೆಯಬೇಕು ಅಂತಲೇ ಗೊತ್ತಾಗದೆ ಹಲ್ಲಿನ ತಳ ತೂತು ಮಾಡಿಬಿಡುತ್ತಿದ್ದೆನೋ ಏನೋ.

ಅದಾದ ಮೇಲೆ ನನಗೆ ಸ್ಕ್ಯಾನಿನ ಹುಚ್ಚು ಸ್ವಲ್ಪ ಜಾಸ್ತಿಯೇ ಹಿಡಿಯಿತು. ಎಲ್ಲರಿಗೂ ಬರೆಯುವಂಥದ್ದಲ್ಲ ಅದು. ಮಾಮೂಲಿ ಹಲ್ಲಿನ ಎಕ್ಸ್‌ರೇಗಿಂತ ಇದರಲ್ಲಿ ವಿಕಿರಣ ಜಾಸ್ತಿ, ಆದ್ದರಿಂದ ಮೊದಲು ಸಣ್ಣ ಎಕ್ಸ್‌ರೇ, ಅದರಲ್ಲಿ ಉತ್ತರ ಸಿಗದಿದ್ದರೆ ಮಾತ್ರ ಸ್ಕ್ಯಾನ್, ಅದೂ ಇಡೀ ದವಡೆಯದಲ್ಲ, ಬೇಕಾದ ಎರಡು ಮೂರು ಹಲ್ಲಿನಷ್ಟೇ ಜಾಗದ್ದು. ಸಣ್ಣ ಜಾಗದ ಸ್ಕ್ಯಾನಿನಲ್ಲಿ ಚಿತ್ರವೂ ಸಾಮಾನ್ಯವಾಗಿ ಹೆಚ್ಚು ಸ್ಪಷ್ಟ.

ಆ ಹುಚ್ಚಿನಲ್ಲೇ ಇನ್ನೊಂದು ಎಡವಟ್ಟು ಆಗುವುದರಲ್ಲಿತ್ತು. ಒಳಗೆ ಲೋಹದ ಪೋಸ್ಟ್ (ಕ್ಯಾಪಿಗೆ ಆಧಾರವಾಗಿ ಬೇರಿನೊಳಗೆ ಕೂರಿಸುವ ಕಡ್ಡಿ) ಇದ್ದ ಹಲ್ಲು, ಸ್ಕ್ಯಾನಿನಲ್ಲಿ ಬೇರಿನುದ್ದಕ್ಕೂ ಕಪ್ಪು ಗೆರೆ. ಬೇರು ಸೀಳಿದೆ, ಕೀಳಬೇಕು ಅಂತ ಬರೆಯಲು ಕೂತಿದ್ದೆ. ನಮ್ಮ ಸೀನಿಯರ್ ಪರದೆ ನೋಡಿ, "ಬಾಯಿ ನೋಡಿದೆಯಾ, ಬರೀ ಇದನ್ನೇ ನೋಡಿದೆಯಾ?" ಅಂದರು. ಪ್ರೋಬ್, ಅಂದರೆ ಅಳತೆ ಗುರುತಿರುವ ಸಣ್ಣ ಕಡ್ಡಿ, ತಗೊಂಡು ಹಲ್ಲು ಒಸಡಿನ ನಡುವಿನ ಆಳವನ್ನು ಸುತ್ತಲೂ ಅಳೆದೆ. ಬೇರು ಸೀಳಿದ್ದರೆ ಸಾಮಾನ್ಯವಾಗಿ ಯಾವುದೋ ಒಂದು ಕಿರಿದಾದ ಜಾಗದಲ್ಲಿ ಪ್ರೋಬ್ ಗುಳುಂ ಅಂತ ಆಳಕ್ಕೆ ಇಳಿಯುತ್ತೆ. ಇಲ್ಲಿ ಸುತ್ತಲೂ 2, 3 ಮಿ.ಮೀ. ಅಷ್ಟೇ. ಸ್ಕ್ಯಾನಿಗೆ ವಾಪಸ್ ಬಂದು ಅಡ್ಡ ಬಿಲ್ಲೆ ನೋಡಿದರೆ ಆ ಕಪ್ಪು ಗೆರೆ ಹಲ್ಲು ದಾಟಿ ಪಕ್ಕದ ಮೂಳೆಯ ಮೇಲೂ ಹರಿದಿತ್ತು. ಬಿರುಕು ಹಲ್ಲು ಬಿಟ್ಟು ಆಚೆ ಹೋಗುತ್ತಾ? ಅದು ಲೋಹದಿಂದ ಎದ್ದ ಗೆರೆ, ಅಷ್ಟೇ.

ತೊಂದರೆ ಇದ್ದದ್ದು ಕ್ಯಾಪಿನ ಅಂಚಿನಲ್ಲಿ. ಅಡಿಯಲ್ಲಿ ಹುಳುಕು ಸೇರಿತ್ತು, ಶುಚಿ ಮಾಡಿ ಹೊಸ ಕ್ಯಾಪ್ ಹಾಕಿದೆವು.